ತಾಜ್ ಮಹಲಿನ ಹಿಂದಲ ಹೊಳೆ

ಬೈರಾಪಟ್ಟಣದ ಬಸಮ್ಮನಷ್ಟು ದೇಶ ಸುತ್ತಿದವರು ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬರು ಸಿಗಲಾರರು. ಕಾಶಿ, ಗಯಾ, ಹರಿದ್ವಾರ, ಪುರಿ, ದ್ವಾರಕೆ, ರಾಮೇಶ್ವರ, ನೇಪಾಳದ ಪಶುಪತಿನಾಥ, ಎಲ್ಲವೂ ಆಗಿವೆ. ಈಗೀಗ ಮೊಬೈಲು ತೆರೆದರೆ ಸಾಕು, ‘ಸಾಯುವುದರೊಳಗೆ ನೋಡಲೇಬೇಕಾದ ಜಾಗಗಳು’, ‘ಬದುಕಿಗೆ ಸ್ಫೂರ್ತಿ ತುಂಬುವ ತಾಣಗಳು’ ಎಂದು ಯಾರಾದರೊಬ್ಬರು ಹೆದರಿಸುತ್ತಿರುತ್ತಾರೆ. ಅವರು ಹೆದರಿಸುವ ಎಷ್ಟೋ ವರ್ಷ ಮೊದಲೇ ಬಸಮ್ಮ ಅಲ್ಲಿಗೆಲ್ಲ ಹೋಗಿ, ಒಲೆ ಹೂಡಿ, ಊಟ ಬಡಿಸಿ, ಪಾತ್ರೆ ತೊಳೆಸಿಕೊಂಡು ವಾಪಸು ಬಂದಿದ್ದಾಳೆ. ಆ ಜಾಗಗಳನ್ನು ನಿಜಕ್ಕೂ ನೋಡಿದ್ದಾಳೆಯೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ, ನಿಜವನ್ನು ಅವಳೂ ಹೇಳಿರಲಿಲ್ಲ.

ಬಸಮ್ಮ ಯಾತ್ರೆಯ ಬಸ್ಸಿನ ಅಡುಗೆಯವಳು. ಗಂಡ ತೀರಿಕೊಂಡ ಮೇಲೆ ಮದುವೆ, ಗೃಹಪ್ರವೇಶಗಳಿಗೆ ಅಡುಗೆಗೆ ಹೋಗುತ್ತಿದ್ದಳು. ಅಂಥದ್ದೊಂದು ಊಟದಲ್ಲಿ ವಿರೂಪಾಕ್ಷಿಪುರದ ಸಿದ್ದಗಂಗಯ್ಯ ಅವಳು ಮಾಡಿದ ಮುದ್ದೆ ತಿಂದ. ಒಂದು ಗಂಟಿಲ್ಲ, ಕೈಗೆ ಅಂಟುವುದಿಲ್ಲ, ಬಾಯಿಗಿಟ್ಟರೆ ಹಾಗೇ ಜಾರುತ್ತದೆ. ಸಿದ್ದಗಂಗಯ್ಯ ಆಗತಾನೇ ಚನ್ನಪಟ್ಟಣದಲ್ಲಿ ‘ನಂದಿಧ್ವಜ ಯಾತ್ರಾ ಸರ್ವೀಸ್’ ಎಂದು ಬೋರ್ಡು ಹಾಕಿ, ಕಾಶಿಗೆ ಜನ ಸಿಗದೆ ಒದ್ದಾಡುತ್ತಿದ್ದ. ಎರಡನೆಯ ಮುದ್ದೆ ಮುಗಿಯುವ ಹೊತ್ತಿಗೆ ತನ್ನ ವ್ಯಾಪಾರದಲ್ಲಿ ಏನು ಕೊರತೆ ಇದೆ ಎಂಬುದು ಅವನಿಗೆ ಹೊಳೆದುಬಿಟ್ಟಿತು. ನಮ್ಮ ಜನಕ್ಕೆ ವಿಶ್ವನಾಥನ ಮೇಲೆ ಭಕ್ತಿ ಇಲ್ಲದೆ ಇಲ್ಲ, ಆದರೆ ವಿಶ್ವನಾಥ ಮುದ್ದೆ ಹಾಕುವುದಿಲ್ಲವಲ್ಲ.

ಅಂದಿನಿಂದ ಅವನ ಕರಪತ್ರದಲ್ಲಿ ‘ಪ್ರತಿದಿನ ಮಧ್ಯಾಹ್ನ ಬಿಸಿ ಬಿಸಿ ರಾಗಿಮುದ್ದೆ’ ಎಂಬ ಸಾಲು ದಪ್ಪಕ್ಷರದಲ್ಲಿಯೂ, ಕಾಶಿ, ಪ್ರಯಾಗ, ಆಗ್ರಾ ಮುಂತಾದ ಊರುಗಳ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿಯೂ ಅಚ್ಚಾಗತೊಡಗಿದವು. ಬಸ್ಸು ತುಂಬಿತು. ಈಚೆಗೆ ಅವನ ಮಗಳು ಕವನ ಅಪ್ಪನ ವ್ಯಾಪಾರವನ್ನು ಇನ್‌ಸ್ಟಾಗ್ರಾಮಿಗೆ ಏರಿಸಿದ್ದಾಳೆ. ಅಲ್ಲಿ ಹಿಮಾಲಯ ಬರುತ್ತದೆ, ಸೂರ್ಯ ಹುಟ್ಟುತ್ತಾನೆ, ಕೊಳಲು ನುಡಿಯುತ್ತದೆ, ಕೊನೆಗೆ ಒಂದು ಮುದ್ದೆ ಹಬೆಯಾಡುತ್ತ ತಟ್ಟೆಗೆ ಬಂದು ಬೀಳುತ್ತದೆ. ಹೆಚ್ಚು ಜನ ಮೆಚ್ಚುವುದು ಆ ಕೊನೆಯದನ್ನೇ.

ನಮ್ಮ ಕಡೆಯವರ ಪ್ರವಾಸದ ಕಥೆಯೇ ಹಾಗೆ. ಶನಿವಾರ ಬಂತೆಂದರೆ ಬೆಂಗಳೂರಿನವರು ಕಾರು ತುಂಬಿಕೊಂಡು ರಾಮನಗರದ ಬಂಡೆಗೂ ಸಾವನದುರ್ಗಕ್ಕೂ ಬಂದು, ಹತ್ತಿ, ಕೈ ಅಗಲಿಸಿ ನಿಂತು ಫೋಟೊ ಹಿಡಿಸಿಕೊಂಡು, ಸ್ಫೂರ್ತಿ ಪಡೆದು, ನೀರಿನ ಬಾಟಲಿ ಅಲ್ಲೇ ಬಿಸಾಕಿ ಹೋಗುತ್ತಾರೆ. ಆ ಬಂಡೆಯ ಬುಡದಲ್ಲೇ ಹುಟ್ಟಿದವನು ಅದನ್ನು ಒಮ್ಮೆಯೂ ಹತ್ತಿರುವುದಿಲ್ಲ. ಅವನು ಸ್ಫೂರ್ತಿ ಪಡೆಯಲು ಎರಡು ಸಾವಿರ ಕಿಲೋಮೀಟರು ಆಚೆ ಹೋಗುತ್ತಾನೆ, ಹೋಗುವಾಗ ಊರ ಗಿರಣಿಯಲ್ಲಿ ಬೀಸಿದ ರಾಗಿ ಹಿಟ್ಟಿನ ಮೂಟೆಯನ್ನು ಬಸ್ಸಿನ ಹೊಟ್ಟೆಯಲ್ಲಿ ಹಾಕಿಸಿಕೊಂಡೇ ಹೋಗುತ್ತಾನೆ. ಪರಸ್ಥಳದಲ್ಲಿ ಹೋಟೆಲ್ ಊಟ ಮಾಡಿದನೆಂದರೆ ಅವನ ಕುಟುಂಬಕ್ಕೇ ಅವಮಾನ.

ಈ ಮುದ್ದೆಗೆ ಒಂದು ಗುಣವಿದೆ. ಅನ್ನ ಕಾಯುತ್ತದೆ, ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೂ ಸುಮ್ಮನಿರುತ್ತದೆ, ಮುದ್ದೆ ಕಾಯುವುದಿಲ್ಲ. ಉಣ್ಣುವವನು ಕೂತ ಮೇಲೆ ಕೋಲಿನಲ್ಲಿ ತಿರುವಿ, ಕೈ ಸುಡುತ್ತಿರುವಾಗಲೇ ಕಟ್ಟಿ ತಟ್ಟೆಗೆ ಹಾಕಬೇಕು. ಹೀಗಾಗಿ ಬಸ್ಸಿನ ಜನ ಬೆಳಿಗ್ಗೆ ಯಾವುದೋ ಕೋಟೆ ನೋಡಲು ಇಳಿದುಹೋದರೆಂದರೆ, ಬಸಮ್ಮ ಬಸ್ಸು ನಿಲ್ಲಿಸುವ ಮೈದಾನದಲ್ಲಿ ಗ್ಯಾಸ್ ಒಲೆ ಹಚ್ಚಿ ಕೂರಬೇಕು. ಸೊಪ್ಪು ಬಿಡಿಸಿ, ಕಾಳು ಬೇಯಿಸಿ, ಸಾರು ಕುದಿಸಿ, ಮುದ್ದೆಗೆ ಎಸರಿಡುವಷ್ಟರಲ್ಲಿ ಅವರು ‘ಆಯ್ತಾ ಬಸಮ್ಮ?’ ಎಂದುಕೊಂಡು ಬಂದೇಬಿಡುತ್ತಾರೆ. ಊಟ ಮುಗಿದ ಕೂಡಲೇ ಬಸ್ಸು ಹೊರಡುತ್ತದೆ. ಭಾರತದ ಯಾವ ಮೈದಾನದಲ್ಲಿ ನೆರಳಿದೆ, ಎಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಎಲ್ಲಿ ಕೋತಿಗಳ ಕಾಟ ಎನ್ನುವುದಷ್ಟೇ ಅವಳಿಗೆ ದಕ್ಕಿದ ಭೂಗೋಳ. ಪಾತ್ರೆ ತೊಳೆಯುವ ದಾಸಪ್ಪ ಅವಳಿಗಿಂತ ಪುಣ್ಯವಂತ. ಎಂಜಲು ಪಾತ್ರೆ ಎಷ್ಟು ಹೊತ್ತಾದರೂ ಕಾಯುತ್ತದೆ, ಹಾಗಾಗಿ ಅವನು ಎಲ್ಲವನ್ನೂ ನೋಡಿದ್ದ. ನೋಡಿದ್ದೇನು ಎಂದು ಕೇಳಿದರೆ ‘ದೊಡ್ಡದಾಗೈತೆ ಕಣಕ್ಕ’ ಎನ್ನುತ್ತಿದ್ದ, ಅದರ ಮೇಲೆ ಒಂದು ಮಾತು ಹೊರಡುತ್ತಿರಲಿಲ್ಲ.

ಹಾಗಿದ್ದರೂ ಬಸಮ್ಮನಿಗೆ ಎಲ್ಲ ಗೊತ್ತಿತ್ತು. ಪಂಕ್ತಿಯಲ್ಲಿ ಕೂತವರು ಉಣ್ಣುತ್ತ ಮಾತಾಡುತ್ತಾರಲ್ಲ, ಅವಳು ಸಾರು ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಆದರೆ ನಮ್ಮವರು ಉಣ್ಣುವಾಗ ಯಾವುದನ್ನೂ ಹೊಗಳುವ ಪೈಕಿ ಅಲ್ಲ. ಮೂರು ಸಮುದ್ರ ಸೇರುವ ಕನ್ಯಾಕುಮಾರಿಯಿಂದ ಬಂದು ‘ಮೂರೂ ಉಪ್ಪೇ’ ಅಂದರು. ಹಿಮದ ಬೆಟ್ಟ ನೋಡಿ ಬಂದು ಮೂಗು ಸೋರಿದ್ದನ್ನು ಹೇಳಿದರು. ತಾಜ್ ಮಹಲಿನಿಂದ ಬಂದವರದಂತೂ ಪ್ರತಿ ಸಲವೂ ಒಂದೇ ಮಾತು: ಕಲ್ಲು ಕಾದು ಅಂಗಾಲು ಸುಡುತ್ತದೆ, ಒಳಗೆ ಕತ್ತಲು, ತಳ್ಳಾಟ, ಕುಡಿಯಲು ನೀರಿಲ್ಲ. ಆಮೇಲೆ ಮೊಬೈಲು ತೆಗೆದು ತಾವು ಗುಮ್ಮಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತುವ ಫೋಟೊ ತೋರಿಸುವರು. ಏಳು ಸಲ ಆಗ್ರಾಕ್ಕೆ ಹೋದ ಬಸಮ್ಮ ಒಂದು ಗೋಡೆ, ಒಂದು ಸಾಲು ಮರದ ಈಚೆ ಕೂತು, ಆ ಫೋಟೊಗಳಲ್ಲಿ ಬೆರಳುಗಳನ್ನು ನೋಡಿದ್ದಳು.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಹೆಂಗಸರು ಸೇರುತ್ತಿದ್ದರು. ‘ಏನ್ ನೋಡ್ದೆ ಬಸಕ್ಕ, ಯೋಳು’ ಎನ್ನುವರು. ಮೊದಲನೆಯ ಸಲ ಅವಳು ‘ನಾನು ಒಳಗೆ ಹೋಗಲಿಲ್ಲ’ ಎನ್ನಬಹುದಿತ್ತು. ಅಷ್ಟು ಜನ ತನ್ನ ಬಾಯಿ ನೋಡುತ್ತ ಕೂತಿರುವಾಗ ಹಾಗೆ ಹೇಳಲು ಮನಸ್ಸು ಬರಲಿಲ್ಲ. ಹೇಳಿದಳು, ಕೇಳಿದ್ದನ್ನೆಲ್ಲ ಸೇರಿಸಿ, ಉಪ್ಪು ಖಾರ ಹಾಕಿ, ಅಂಗಾಲು ಸುಟ್ಟದ್ದನ್ನು ಕಾಲು ಎತ್ತಿ ಎತ್ತಿ ತೋರಿಸಿ ಹೇಳಿದಳು. ಹೆಂಗಸರು ‘ಅಯ್ಯೋ ಶಿವನೆ’ ಎಂದು ಅಂಗಾಲು ಉಜ್ಜಿಕೊಂಡರು. ಹೀಗೆ ಬಸಮ್ಮ ಊರಿಗೆ ದೇಶ ತೋರಿಸುವವಳಾದಳು, ಆ ಹೆಸರನ್ನು ಅವಳು ಬಿಟ್ಟುಕೊಡಲೂ ಇಲ್ಲ.

ಎಡವಟ್ಟಾದದ್ದು ಮೊಮ್ಮಗಳು ಸಿರಿಯಿಂದ. ಏಳನೇ ಕ್ಲಾಸಿನ ಹುಡುಗಿ, ಅಜ್ಜಿ ಎಂದರೆ ಪ್ರಾಣ. ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದು ಕೇಳಿದಳು.

“ಅಜ್ಜಿ, ತಾಜ್ ಮಹಲ್ ಪಕ್ಕ ಹರಿಯೋ ಹೊಳೆ ನಮ್ ಕಣ್ವ ಹೊಳೆಗಿಂತ ದೊಡ್ಡದಾ?”

“ಯಾವ್ ಹೊಳೆ?”

“ಯಮುನಾ ಹೊಳೆ. ಪಾಠದಲ್ಲೈತೆ.”

ಬಸಮ್ಮ ಯೋಚಿಸಿದಳು. ಅಲ್ಲಿ ಹೊಳೆ ಅಂತ ಒಂದಿದ್ದಿದ್ದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ಅದನ್ನು ಬೈದಿರಬೇಕಿತ್ತು. ನೀರು ಗಲೀಜು ಅಂತಲೋ, ಚಪ್ಪಲಿ ಕೊಚ್ಚಿಕೊಂಡು ಹೋಯಿತು ಅಂತಲೋ, ಸೊಳ್ಳೆ ಅಂತಲೋ ಏನಾದರೊಂದು ಅಂದಿರಬೇಕಿತ್ತು. ಪಂಕ್ತಿಯಲ್ಲಿ ಯಾರೂ ಬೈಯದ ವಸ್ತು ಭೂಮಿಯ ಮೇಲೆ ಇರುವುದು ಸಾಧ್ಯವೇ ಇಲ್ಲ.

“ಯಮುನಾ ಇರೋದು ಮಥುರಾದಲ್ಲಿ ಕಣವ್ವ, ಅಲ್ಲಿ ನಾನೇ ಸ್ನಾನ ಮಾಡಿವ್ನಿ. ತಾಜ್ ಮಹಲ್ ತಾವ ಯಾವ್ ಹೊಳೆನೂ ಇಲ್ಲ. ಏಳ್ ಸಲ ಹೋಗಿವ್ನಿ, ನಂಗೊತ್ತಿಲ್ವಾ? ಪಾಠ ಬರ್ದೋನು ಹೋಗಿದ್ನೋ ಇಲ್ವೋ!”

ಸಿರಿ ಅಷ್ಟನ್ನೂ ತೆಗೆದುಕೊಂಡು ಹೋಗಿ ಮಾರನೆಯ ದಿನ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳು. ಮೇಡಂ ಪುಸ್ತಕ ತೋರಿಸಿದರು. ಸಿರಿ ಒಪ್ಪಲಿಲ್ಲ, ಪುಸ್ತಕ ತಪ್ಪು, ನಮ್ಮಜ್ಜಿ ಏಳು ಸಲ ನೋಡಿದ್ದಾಳೆ ಎಂದಳು. ಮೇಡಂ ನಕ್ಕು, ‘ಹಾಗಾದರೆ ನಿಮ್ಮಜ್ಜಿ ಬೇರೆ ಏನನ್ನೋ ನೋಡಿರಬೇಕು, ಕೂತ್ಕೊ’ ಅಂದರು. ಇಡೀ ಕ್ಲಾಸು ನಕ್ಕಿತು. ಮನೆಗೆ ಬಂದವಳು ಚೀಲವನ್ನು ಮೂಲೆಗೆಸೆದು ಗೋಡೆಯ ಕಡೆ ಮುಖ ಮಾಡಿ ಕೂತಳು. ಸೊಸೆ ಸೌಮ್ಯಶ್ರೀ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬಸಮ್ಮ ಹತ್ತಿರ ಹೋದಾಗ ಕ್ಲಾಸಿನಲ್ಲಿ ನಡೆದದ್ದನ್ನು ಹೇಳಿ ಒಂದೇ ಮಾತು ಕೇಳಿದಳು.

“ನೀನ್ ನೋಡಿದ್ದೀಯ ತಾನೇ ಅಜ್ಜಿ?”

“ನೋಡಿವ್ನಿ ಕಣವ್ವ,” ಎಂದಳು ಬಸಮ್ಮ.

ಜಗಲಿಯ ಹೆಂಗಸರ ಮುಂದೆ ಸಾವಿರ ಸಲ ಆಡಿದ ಮಾತು. ಆದರೆ ಅದನ್ನು ನಂಬಿ ಇಡೀ ಕ್ಲಾಸಿನ ಎದುರು ನಗೆಪಾಟಲಾಗಿ ಬಂದ ಹುಡುಗಿಯ ಮುಂದೆ ಆಡಿದ ಮೇಲೆ ಬಸಮ್ಮ ಮೂಲೆಗೆ ಬಿದ್ದಿದ್ದ ಚೀಲವನ್ನು ಎತ್ತಿ ಮೊಳೆಗೆ ಹಾಕಿ ಒಳಗೆ ಹೋದಳು. ಅಲ್ಲಿ ಹೊಳೆ ಇದೆಯೋ ಇಲ್ಲವೋ ಎನ್ನುವುದನ್ನು ಕಣ್ಣಾರೆ ನೋಡಿಕೊಂಡು ಬರದೆ ಈ ಕೂಸಿನ ಮುಖ ನೋಡುವುದು ಹೇಗೆ ಎಂಬ ಚಿಂತೆ ಅವಳಿಗೆ ಅಂಟಿಕೊಂಡಿತು.

ಶಿವರಾತ್ರಿ ಕಳೆದ ಮೇಲೆ ಉತ್ತರದ ಯಾತ್ರೆ ಇತ್ತು. ಬಸಮ್ಮ ಚನ್ನಪಟ್ಟಣದ ಆಫೀಸಿಗೆ ಹೋಗಿ ನಿಂತಳು.

“ಸಿದ್ದಗಂಗಣ್ಣ, ಈ ಸಲ ನಾನೂ ಒಳಿಕ್ಕೋಗ್ಬೇಕು.”

“ಯಾವುದ್ರೊಳಿಕ್ಕೆ?”

“ತಾಜ್ ಮಹಲ್‌ಗೆ.”

“ಅಯ್ಯೋ, ಇನ್ನೂ ನೋಡಿಲ್ವಾ ಬಸಕ್ಕ ನೀನು? ಎಂಥಾ ಅನ್ಯಾಯ ನೋಡು! ಈ ಸಲ ಗ್ಯಾರಂಟಿ,” ಎಂದ ಸಿದ್ದಗಂಗಯ್ಯ ಧಾರಾಳವಾಗಿ. ಅವನ ಗ್ಯಾರಂಟಿ ಬಸಮ್ಮನಿಗೆ ಹೊಸದಲ್ಲ, ಹೆಚ್ಚು ಕಡಿಮೆ ಅವನ ಬಸ್ಸಿನಷ್ಟೇ ಹಳೆಯದು. ಈ ಸಲ ಅವಳು ಕದಲದೆ ನಿಂತಳು. ಒಳಗೆ ಬಿಡುವುದಾದರೆ ಮಾತ್ರ ಬಸ್ಸು ಹತ್ತುತ್ತೇನೆ, ಇಲ್ಲದಿದ್ದರೆ ಬೇರೆ ಅಡುಗೆಯವರನ್ನು ನೋಡಿಕೋ ಎಂದಳು. ಸಿದ್ದಗಂಗಯ್ಯನಿಗೆ ಕರಪತ್ರದ ದಪ್ಪಕ್ಷರದ ಸಾಲು ಕಣ್ಣ ಮುಂದೆ ಬಂತು. ನಂದೀಶ್ವರನ ಫೋಟೊ ಮುಟ್ಟಿ ಆಣೆ ಇಟ್ಟ.

ಕಾಶಿ ಆಯಿತು, ಪ್ರಯಾಗ ಆಯಿತು, ಮಥುರಾ ಆಯಿತು. ಆಗ್ರಾದ ದಾರಿಯಲ್ಲಿ ಬಸಮ್ಮ ತಾನಾಗಿ ಎದ್ದು ಡ್ರೈವರ್ ಹಿಂದಿನ ಸೀಟಿನಲ್ಲಿದ್ದ ಸಿದ್ದಗಂಗಯ್ಯನಿಗೆ ನೆನಪಿಸಿದಳು. ಅವನು ಆಣೆಯನ್ನು ಮರೆತಿರಲಿಲ್ಲ, ಆದರೆ ಅದರ ಭಾರವನ್ನು ಒಬ್ಬನೇ ಹೊರಲೂ ತಯಾರಿರಲಿಲ್ಲ. ಮೈಕು ಹಿಡಿದು, ಇದು ಪ್ರಜಾಪ್ರಭುತ್ವ, ಬಸಕ್ಕನಿಗೆ ತಾಜ್ ಮಹಲ್ ನೋಡಬೇಕೆಂಬ ಆಸೆ ಇದೆ, ನಾಳೆಯ ಮುದ್ದೆಯ ಬಗ್ಗೆ ತಾವೆಲ್ಲ ತೀರ್ಮಾನಿಸಬೇಕು ಎಂದು ಕೈ ತೊಳೆದುಕೊಂಡ.

ಮೊದಲು ಎದ್ದವನು ಬೈರಾಪಟ್ಟಣದ ಹನುಮಂತಯ್ಯ. ಹತ್ತಾರು ಎಕರೆ ನೀರಾವರಿ, ರೇಷ್ಮೆ, ತೆಂಗು ಎಲ್ಲ ಇರುವ ಕುಳ. ವರ್ಷಕ್ಕೊಂದು ಯಾತ್ರೆ ಮಾಡದಿದ್ದರೆ ಅವನಿಗೆ ಬೈಯಲು ಹೊಸ ಊರು ಸಿಗುವುದಿಲ್ಲ.

“ಅಲ್ಲ ಬಸಮ್ಮ, ತಾಜ್ ಮಹಲ್ ಎಲ್ಗೋದದು? ನಾನೂರ್ ವರ್ಸದಿಂದ ಅಲ್ಲೇ ಕುಂತೈತೆ. ಮುದ್ದೆ ಆರೋದ್ರೆ ಯಾರ್ ಜವಾಬ್ದಾರಿ?”

ಚಪ್ಪಾಳೆ ಬಿತ್ತು. ಹಿಂದಿನ ಸೀಟಿನಿಂದ ಯಾರೋ ಒಂದು ಹೊತ್ತು ಹೋಟೆಲಿನಲ್ಲಿ ತಿಂದರಾಯಿತು ಎಂದು ಬಾಯಿ ತಪ್ಪಿ ಅಂದರು. ಎಲ್ಲರೂ ತಿರುಗಿ ನೋಡಿದ ರೀತಿಗೆ ಆ ಮನುಷ್ಯ ಊರು ಮುಟ್ಟುವ ತನಕ ಮತ್ತೆ ಮಾತಾಡಲಿಲ್ಲ. ಹನುಮಂತಯ್ಯನ ಹೆಂಡತಿ ಕಾವೇರಮ್ಮ ಬಸಮ್ಮನ ಕೈ ಹಿಡಿದು ಮೆತ್ತಗೆ ಸಮಾಧಾನ ಹೇಳಿದಳು.

“ಅಲ್ಲೇನೈತೆ ಅಂತ ನೋಡಿಯೇ ಬಸಮ್ಮ? ಕಾಲ್ ಸುಡ್ತದೆ ಅಷ್ಟೆಯ. ನೀನೇ ಪುಣ್ಯವಂತೆ, ತಣ್ಣಗೆ ನೆಳ್ಳಲ್ಲಿರ್ತೀಯ.”

ಎರಡು ಒಲೆಗಳ ನಡುವಿನ ಆ ನೆರಳಿನ ಸುಖವನ್ನು ಕಾವೇರಮ್ಮ ಒಂದು ದಿನ ಅನುಭವಿಸಬೇಕಿತ್ತು ಎಂದು ಬಸಮ್ಮನಿಗೆ ಅನ್ನಿಸಿತು, ಹೇಳಲಿಲ್ಲ. ಬಹಳ ಚರ್ಚೆಯಾದ ಮೇಲೆ ಸಿದ್ದಗಂಗಯ್ಯ ಮೈಕಿನಲ್ಲಿ ತೀರ್ಮಾನ ಸಾರಿದ: ಆಗ್ರಾದಲ್ಲಿ ಬಿಸಿ ಮುದ್ದೆ ತಪ್ಪಕೂಡದು. ಅದೊಂದಕ್ಕೆ ಚ್ಯುತಿ ಬಾರದ ಹಾಗೆ ಬಸಕ್ಕ ಏನನ್ನು ಬೇಕಾದರೂ ನೋಡಬಹುದು. ಎಲ್ಲರಿಗೂ ತಾವು ದೊಡ್ಡ ಮನಸ್ಸು ಮಾಡಿದೆವು ಎನ್ನಿಸಿ, ನೆಮ್ಮದಿಯಿಂದ ಕಡಲೆಕಾಯಿ ಹಂಚಿಕೊಂಡರು.

ಬಸಮ್ಮ ತನ್ನ ಸೀಟಿಗೆ ಬಂದು ಕೂತಳು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಇಷ್ಟು ವರ್ಷ ಇವರ ಬಾಯಿಗೆ ಹಾಕಿದ ಮುದ್ದೆಗಳನ್ನು ಗುಡ್ಡೆ ಹಾಕಿದರೆ ಒಂದು ಬೆಟ್ಟವಾಗುತ್ತದೆ, ಇವರಿಗೆ ಒಂದು ಹೊತ್ತು ಬಿಡಲಾಗುವುದಿಲ್ಲವಲ್ಲ ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಆ ತೀರ್ಮಾನವನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಆಡಿಸಿದಳು. ಬಿಸಿ ಮುದ್ದೆ ತಪ್ಪಕೂಡದು. ಸರಿ. ಎಷ್ಟು ಹೊತ್ತಿಗೆ ಎಂದು ಯಾರೂ ಹೇಳಲಿಲ್ಲವಲ್ಲ. ಕಡಲೆಕಾಯಿ ಅವಳ ತನಕ ಬಂದಾಗ ಬಸಮ್ಮ ನಗುತ್ತಿದ್ದಳು.

ಮಾರನೆಯ ದಿನ ಆಗ್ರಾದ ಛತ್ರದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಜನ ಹಲ್ಲುಜ್ಜಲು ಅಂಗಳಕ್ಕೆ ಬಂದರೆ ಸೊಪ್ಪಿನ ಸಾರಿನ ಒಗ್ಗರಣೆ ಘಮಗುಟ್ಟುತ್ತಿದೆ, ದಾಸಪ್ಪ ತಟ್ಟೆ ಹಾಕುತ್ತಿದ್ದಾನೆ, ಬಸಮ್ಮ ಹಂಡೆಯಷ್ಟು ದೊಡ್ಡ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ಹಿಟ್ಟು ತಿರುವುತ್ತಿದ್ದಾಳೆ.

“ಏನ್ ಬಸಮ್ಮ ಇದು, ಇಷ್ಟೊತ್ನಲ್ಲಿ?” ಎಂದ ಹನುಮಂತಯ್ಯ ಬಾಯಿಯಲ್ಲಿ ಬ್ರಶ್ಶು ಇಟ್ಟುಕೊಂಡೇ.

“ಬಿಸಿ ಮುದ್ದೆ ತಪ್ಪಕೂಡ್ದು ಅಂದ್ರಲ್ಲ ಹನುಮಂತಣ್ಣ. ಕುಂತ್ಕಳಿ, ಬಿಸಿ ಐತೆ.”

“ಅಲ್ಲಮ್ಮ, ಹೊತ್ತೇ ಹುಟ್ಟಿಲ್ಲ...”

“ಹೊತ್ ಹುಟ್ಟಾಗಂಟ ಬುಟ್ರೆ ಆರೋಯ್ತದೆ.”

ಹನುಮಂತಯ್ಯ ಸಿದ್ದಗಂಗಯ್ಯನ ಮುಖ ನೋಡಿದ. ಸಿದ್ದಗಂಗಯ್ಯ ಪ್ರಜಾಪ್ರಭುತ್ವದ ಮುಖ ಮಾಡಿಕೊಂಡು ಬಾಯಿಗೆ ನೀರು ಹಾಕಿಕೊಂಡ. ಅಷ್ಟರಲ್ಲಿ ತಟ್ಟೆಗಳ ಮೇಲೆ ಮುದ್ದೆಗಳು ಬಂದು ಕೂತು ಹಬೆಯಾಡತೊಡಗಿದವು. ಇದಿರಿಗೆ ಬಂದ ಬಿಸಿ ಮುದ್ದೆಯನ್ನು ಆರಲು ಬಿಟ್ಟು ಎದ್ದು ಹೋದ ಇತಿಹಾಸ ನಮ್ಮ ಸೀಮೆಯಲ್ಲಿಲ್ಲ. ಗೊಣಗುತ್ತ ಕೂತರು, ಗೊಣಗುತ್ತ ನುಂಗಿದರು, ಗೊಣಗುತ್ತಲೇ ಇನ್ನೊಂದು ಹಾಕಿಸಿಕೊಂಡರು. ಹನುಮಂತಯ್ಯ ಸಿಟ್ಟಿಗೆ ಮೂರು ತಿಂದ.

ಮುಂದಿನದನ್ನು ಮುದ್ದೆ ತಿಂದು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲಕ್ಕೆ ಹೋಗುವವನು ಮುದ್ದೆ ತಿಂದರೆ ಅದು ಶಕ್ತಿ. ಸುಮ್ಮನೆ ಅಡ್ಡಾಡಲು ಹೋಗುವವನು ತಿಂದರೆ ಅದು ನಿದ್ದೆ. ಯಾತ್ರೆಯ ಜನ ತಾಜ್ ಮಹಲಿನ ದೊಡ್ಡ ಬಾಗಿಲು ದಾಟಿ ಒಳಗೆ ಹೋಗಿ, ಗುಮ್ಮಟದ ತುದಿ ಹಿಡಿದೆತ್ತುವ ಫೋಟೊ ತೆಗೆಸಿಕೊಂಡು ಮುಗಿಸುವಷ್ಟರಲ್ಲಿ ಕಣ್ಣು ಎಳೆಯತೊಡಗಿದವು. ಮೊದಲು ಕಾವೇರಮ್ಮ ಹುಲ್ಲಿನ ಮೇಲೆ ಒಂದು ಮರದ ನೆರಳಲ್ಲಿ ಕೂತಳು, ಆಮೇಲೆ ಒರಗಿದಳು. ಅವಳ ಪಕ್ಕದಲ್ಲಿ ಹನುಮಂತಯ್ಯ ಟವಲು ಹಾಸಿದ. ಸ್ವಲ್ಪ ಹೊತ್ತಿನಲ್ಲಿ ಜಗತ್ತಿನ ಅದ್ಭುತದ ಎದುರು ರಾಮನಗರ ಜಿಲ್ಲೆಯ ಗಣ್ಯರು ಸಾಲಾಗಿ ಗೊರಕೆ ಹೊಡೆಯುತ್ತಿದ್ದರು. ಕಾವಲಿನವನು ಸೀಟಿ ಊದಿ ಒಂದು ಮರದಿಂದ ಎಬ್ಬಿಸಿದರೆ ಎದ್ದು, ನಡೆದು, ಮುಂದಿನ ಮರದ ಕೆಳಗೆ ಮಲಗುತ್ತಿದ್ದರು. ಸಿದ್ದಗಂಗಯ್ಯನೂ ಅವರಲ್ಲಿ ಒಬ್ಬ.

ಬಸಮ್ಮ ಮಾತ್ರ ತಿಂದಿರಲಿಲ್ಲ. ಬಡಿಸುವ ಗಡಿಬಿಡಿಯಲ್ಲಿ ಎರಡು ಲೋಟ ಟೀ ಕುಡಿದು ಬಂದಿದ್ದಳು. ಒಬ್ಬಳೇ ನೀರಿನ ಕಾಲುವೆಯ ಪಕ್ಕದ ಹಾದಿಯಲ್ಲಿ ನಡೆದಳು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಮನಸ್ಸು ಗಟ್ಟಿ ಮಾಡಿಕೊಂಡು ಬರಿಗಾಲು ಇಟ್ಟಳು. ಸುಡಲಿಲ್ಲ. ಬೆಳಗಿನ ಕಲ್ಲು ತಣ್ಣಗೆ, ಮಡಕೆಯ ನೀರಿನ ಹಾಗಿತ್ತು. ಇಷ್ಟು ವರ್ಷ ಜಗಲಿಯ ಮೇಲೆ ಕಾಲೆತ್ತಿ ಕುಣಿದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಒಳಗೆ ಕತ್ತಲಿತ್ತು, ತಳ್ಳಾಟವಿತ್ತು, ಅದು ನಿಜ. ಹೊರಗೆ ಬಂದು ಗೋಡೆಯಲ್ಲಿ ಕಲ್ಲೊಳಗೆ ಕಲ್ಲು ಕೂರಿಸಿ ಮಾಡಿದ ಹೂಬಳ್ಳಿಯನ್ನು ಒಂದು ಬೆರಳಿನಲ್ಲಿ ಮೆಲ್ಲಗೆ ಸವರಿದಳು. ಇದನ್ನೂ ಯಾರೂ ಹೇಳಿರಲಿಲ್ಲ.

ಆಮೇಲೆ ಗೋಡೆಯ ಗುಂಟ ಹಿಂದಕ್ಕೆ ಹೋದಳು. ಹೊಳೆ ಇರದಿದ್ದರೆ ಸಾಕಪ್ಪ ಶಿವನೆ, ಪುಸ್ತಕ ತಪ್ಪಾಗಲಿ, ಕೂಸು ಗೆಲ್ಲಲಿ ಎಂದುಕೊಂಡಳು. ಮೂಲೆ ತಿರುಗಿದಳು.

ಹೊಳೆ ಇತ್ತು.

ಸಣ್ಣದಲ್ಲ, ಅಗಲಕ್ಕೆ ಬಾಗಿ ಹರಿಯುತ್ತಿತ್ತು. ಬೇಸಗೆಗೆ ನೀರು ಇಳಿದು ಮರಳು ದಿಬ್ಬಗಳು ಎದ್ದಿದ್ದವು, ಒಂದಿಷ್ಟು ವಾಸನೆಯೂ ಇತ್ತು. ಆಚೆ ದಡದಲ್ಲಿ ಎಮ್ಮೆಗಳು ನೀರಿಗಿಳಿದಿದ್ದವು, ಒಂದು ಬೆಳ್ಳಕ್ಕಿ ಕಾಲು ಮಡಚಿ ನಿಂತಿತ್ತು. ಗಾಳಿ ನೀರ ಮೇಲಿಂದ ಹಾದು ನೇರ ಅವಳ ಮುಖಕ್ಕೆ ಬರುತ್ತಿತ್ತು. ಇಷ್ಟು ದೊಡ್ಡ ಹೊಳೆ. ಇದರ ಬೆನ್ನಿಗೇ ಅವಳು ಏಳು ಸಲ ಕೂತು ಸೊಪ್ಪು ಬಿಡಿಸಿದ್ದಳು. ನೂರಾರು ಜನ ಇಲ್ಲಿಗೆ ಬಂದು, ಮುಂದೆ ನಿಂತು ಬೆರಳು ಎತ್ತಿ, ಹಿಂದೆ ಏನಿದೆ ಎಂದು ತಿರುಗಿಯೂ ನೋಡದೆ ಅವಳ ಬಳಿ ಬಂದು ಅಂಗಾಲು ಸುಟ್ಟಿತು ಎಂದು ಹೇಳಿ ಮುದ್ದೆ ತಿಂದು ಹೋಗಿದ್ದರು. ಬಸಮ್ಮನಿಗೆ ಅಳು ಬಂತು. ಅವರ ಮೇಲೆ ಕೆಟ್ಟ ಕೋಪವೂ ಬಂತು. ಅವರು ನೋಡದಿದ್ದದ್ದನ್ನು ‘ಇಲ್ಲ’ ಎಂದು ಆಣೆ ಮಾಡಿದ ಹಾಗೆ ಹೇಳಿ ಕೂಸನ್ನು ನಗೆಪಾಟಲು ಮಾಡಿದ ತನ್ನ ಬಾಯಿಯ ಮೇಲೆ ಅದಕ್ಕಿಂತ ಹೆಚ್ಚು ಕೋಪ ಬಂತು. ಅತ್ತು ಮುಗಿದ ಮೇಲೆ ಅಲ್ಲೇ ತಣ್ಣನೆ ಕಲ್ಲಿನ ಮೇಲೆ ಕೂತಳು. ಒಲೆಯ ಮೇಲೆ ಏನೂ ಇರಲಿಲ್ಲ, ಯಾರೂ ‘ಆಯ್ತಾ’ ಎಂದು ಕೇಳುವಂತಿರಲಿಲ್ಲ. ಎಮ್ಮೆಗಳು ಈಜಿ ದಡ ಹತ್ತುವವರೆಗೂ ಕೂತಿದ್ದಳು.

ಊರಿಗೆ ಬಂದ ಸಂಜೆ ಜಗಲಿ ಎಂದಿನಂತೆ ತುಂಬಿತು. ಸಿರಿ ಅಜ್ಜಿಯ ತೊಡೆಗೆ ಒತ್ತಿಕೊಂಡು ಕೂತಳು. ಕಾವೇರಮ್ಮನೂ ಪ್ರಸಾದ ಹಂಚುವ ನೆಪದಲ್ಲಿ ಬಂದು ಕೂತಿದ್ದಳು. ಬಸಮ್ಮ ಬಾಯಿ ತೆರೆಯುವ ಮೊದಲೇ ಸಿರಿ ಕೇಳಿದಳು.

“ಅಲ್ಲಿ ಹೊಳೆ ಇತ್ತಾ ಅಜ್ಜಿ?”

“ಎಲ್ಲೀ ಹೊಳೆ?” ಎಂದಳು ಕಾವೇರಮ್ಮ ನಡುವೆ ಬಾಯಿ ಹಾಕಿ. “ಈ ಸಲಾನೂ ಸೇರಿ ಮೂರ್ ಸಲ ಹೋಗ್ಬಂದಿವ್ನಿ ಕಣ್ ಮಗ. ಹೊಳೆನೂ ಇಲ್ಲ ಗಿಳೆನೂ ಇಲ್ಲ. ಬರೀ ಹುಲ್ಲು.”

“ಪಾಠದಲ್ಲೈತಲ್ಲ ಕಾವೇರತ್ತೆ?”

“ಪಾಠದಲ್ಲಿ ಸಾವ್ರ ಇರ್ತದೆ. ಕಣ್ಣಾರೆ ನೋಡ್ದೋರ್ನ ಕೇಳು. ನಿಮ್ಮಜ್ಜಿ ಯೋಳಿದ್ದೇ ಸರಿ, ಹೋಗಿ ನಿಮ್ ಮೇಡಂಗೆ ನನ್ನೆಸರೂ ಯೋಳು.”

ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಸಿರಿಯ ಮುಖ ಅರಳಿತು. ಆ ಮುಖವನ್ನು ಬಸಮ್ಮ ನೋಡಿದಳು. ಅವಳು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಒಂದು ಎಲೆಗೆ ಸುಣ್ಣ ಸವರಿದರೆ ಸಾಕಿತ್ತು. ಅವಳ ಮಾತು ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಮೊಮ್ಮಗಳು ನಾಳೆ ತಲೆ ಎತ್ತಿಕೊಂಡು ಸ್ಕೂಲಿಗೆ ಹೋಗಿ ಇನ್ನೊಮ್ಮೆ ನಗೆಪಾಟಲಾಗುತ್ತಿದ್ದಳು.

“ಹೊಳೆ ಐತೆ,” ಎಂದಳು ಬಸಮ್ಮ.

“ಏ, ಎಲ್ಲೈತೆ ಬಸಮ್ಮ?”

“ಹಿಂದ್ಗಡೆ ಐತೆ ಕಾವೇರಕ್ಕ. ನೀವೆಲ್ಲ ಮನಗಿದ್ರಲ್ಲ, ಆವಾಗ ನೋಡ್ಕೊಂಡ್ ಬಂದೆ. ನಂಗೂ ಗೊತ್ತಿರ್ನಿಲ್ಲ. ಇಷ್ಟ್ ವರ್ಸ ನಾನ್ ಒಳಿಕ್ಕೇ ಹೋಗಿರ್ನಿಲ್ಲ. ತಾಜ್ ಮಹಲೂ ನೋಡಿರ್ನಿಲ್ಲ, ಕೋಟೆನೂ ನೋಡಿರ್ನಿಲ್ಲ. ಉಣ್ಣಾಕ್ ಬಂದೋರು ಏನಂದ್ರೋ ಅದ್ನೇ ನಿಮ್ಗೆ ಯೋಳ್ತಿದ್ದೆ. ಕಲ್ಲು ಸುಡಾಕಿಲ್ಲ, ಬೆಳಿಗ್ಗೆ ಹೊತ್ತು ತಣ್ಣಗಿರ್ತದೆ.”

ಕಾವೇರಮ್ಮ, ಪಾಪ, ಬಿಸಿಲಿಗೆ ಬಸಮ್ಮನಿಗೆ ಏನೋ ಆಗಿದೆ ಎಂಬಂತೆ ನೋಡಿ ಪ್ರಸಾದದ ಡಬ್ಬಿ ಮುಚ್ಚಿಕೊಂಡು ಎದ್ದಳು. ಮೂರು ಸಲ ಹೋಗಿ ಬಂದವಳ ಮಾತನ್ನು ಬಿಟ್ಟು, ಇಷ್ಟು ವರ್ಷ ಸುಳ್ಳು ಹೇಳಿದೆ ಎಂದು ತಾನೇ ಒಪ್ಪಿಕೊಂಡವಳ ಮಾತನ್ನು ನಂಬುವ ಪೈಕಿ ಬೈರಾಪಟ್ಟಣದ ಹೆಂಗಸರಲ್ಲ. ಒಬ್ಬೊಬ್ಬರೇ ಸೆರಗು ಸರಿ ಮಾಡಿಕೊಂಡು ಹೊರಟರು. ಕೊನೆಗೆ ಹೊರಟವಳು ಮೆಟ್ಟಿಲಲ್ಲಿ ನಿಂತು, ‘ಮುಂಚೆ ಚೆಂದಾಗಿ ಯೋಳ್ತಿದ್ದೆ ಬಸಕ್ಕ’ ಎಂದು ಬೇಜಾರಿನಿಂದ ಹೇಳಿ ಹೋದಳು.

ಜಗಲಿಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ ಉಳಿದರು. ಸಿರಿ ದೂರ ಸರಿದು ಕೂತಳು. ಆಮೇಲೆ ಎದ್ದು ಒಳಗೆ ಹೋಗಿ ಅಮ್ಮನ ಮೊಬೈಲು ತಂದಳು. ಹುಡುಕಲು ಶುರು ಮಾಡಿದವಳು ತಟ್ಟನೆ ನಿಲ್ಲಿಸಿ, ಅದನ್ನು ಬೋರಲು ಹಾಕಿ ಪಕ್ಕಕ್ಕಿಟ್ಟಳು.

“ನಮ್ ಕಣ್ವಕ್ಕಿಂತ ದೊಡ್ಡದಾ ಅಜ್ಜಿ?”

ಬಸಮ್ಮ ಎರಡು ಕೈಯನ್ನೂ ಆದಷ್ಟು ಅಗಲಿಸಿ ತೋರಿಸಿದಳು.

“ದೊಡ್ಡದು ಕಣವ್ವ. ಎಮ್ಮೆ ಈಜ್ತಿದ್ದೊ. ಒಸಿ ವಾಸ್ನೆನೂ ಐತೆ. ಬೇಸ್ಗೆ ರಜಕ್ಕೆ ನಿನ್ನ ಕರ್ಕೊಂಡೋಯ್ತೀನಿ, ನೀನೇ ನೋಡು.”

“ಸಿದ್ದಗಂಗಪ್ಪನ ಬಸ್ನಲ್ಲಾ?”

“ಬ್ಯಾಡ. ರೈಲಲ್ಲಿ ಹೋಗಾಣ, ನೀನು ನಾನು ಇಬ್ರೇ.”

ಸಿರಿ ಸರಿದು ಹತ್ತಿರ ಬಂದಳು. ಆಮೇಲೆ ಅವಳಿಗೆ ಒಂದು ದೊಡ್ಡ ಚಿಂತೆ ಹತ್ತಿತು.

“ಊಟಕ್ಕೇನ್ ಮಾಡಾದು ಅಜ್ಜಿ?”

“ಊಟಕ್ಕಾ?” ಬಸಮ್ಮ ಒಳಗೆ ಸೊಸೆಗೆ ಕೇಳಿಸೀತೇನೋ ಎಂದು ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. “ಹೋಟ್ಲಲ್ಲಿ ತಿನ್ನಾಣ.”